ಜಾಗ ಊರಿನದು, ಮನೆ ನಿಮ್ಮದು: ಸಮುದಾಯ ಭೂ ಟ್ರಸ್ಟ್ ಕಟ್ಟುವುದು ಹೇಗೆ?

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ, ಹೋಟೆಲಿನ ಒಲೆಯ ಮುಂದೆ, ಎಪಿಎಂಸಿಯಲ್ಲಿ ಮೂಟೆ ಹೊತ್ತು ದುಡಿಯುವವರು ಬಾಡಿಗೆ ಮನೆಯಲ್ಲೇ ಉಳಿದಿರುವುದು ಇಟ್ಟಿಗೆ, ಸಿಮೆಂಟಿನ ಬೆಲೆಗೆ ಹೆದರಿ ಅಲ್ಲ. ಗೋಡೆಯನ್ನು ಈ ವರ್ಷ ಇಷ್ಟು, ಬರುವ ವರ್ಷ ಇಷ್ಟು ಎಂದು ಏರಿಸಿಕೊಳ್ಳಬಹುದು. ಸೈಟು ಹಾಗಲ್ಲ, ಅದರ ದುಡ್ಡು ಒಟ್ಟಿಗೇ ಬೇಕು. ಇನ್ನು ಸರ್ಕಾರದಿಂದಲೋ ದಾನಿಗಳಿಂದಲೋ ಸೈಟು ಸಿಕ್ಕಿದವರೂ ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಅದನ್ನು ಮಾರಿಬಿಡುತ್ತಾರೆ. ಅವರನ್ನು ದೂರಿ ಫಲವಿಲ್ಲ. ಆದರೆ ಹಾಗೆ ಹೋದ ಜಾಗ ಮತ್ತೊಬ್ಬ ಬಡವರ ಕೈಗೆ ಬರುವುದಿಲ್ಲ.

ಇದಕ್ಕೆ ಒಂದು ದಾರಿಯಿದೆ. ಜಾಗ ಎಂದೆಂದಿಗೂ ಒಂದು ಟ್ರಸ್ಟಿನ ಹೆಸರಿನಲ್ಲಿರುತ್ತದೆ. ಕುಟುಂಬ ಮನೆಯನ್ನು ಮಾತ್ರ ಕೊಳ್ಳುತ್ತದೆ, ಮನೆಯ ಅಡಿಯ ಜಾಗವನ್ನು 99 ವರ್ಷದ ಗುತ್ತಿಗೆಗೆ ಪಡೆಯುತ್ತದೆ. ಮನೆ ಮಕ್ಕಳಿಗೆ ಹೋಗುತ್ತದೆ. ಮಾರಬೇಕಾದರೆ ಮೊದಲೇ ಬರೆದಿಟ್ಟ ಸೂತ್ರದ ಬೆಲೆಗೆ, ಇನ್ನೊಂದು ಸ್ಥಳೀಯ ಕುಟುಂಬಕ್ಕೆ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1969ರಲ್ಲಿ ಕಪ್ಪು ರೈತರು ಇಂಥ ಮೊದಲ ಟ್ರಸ್ಟ್ ಕಟ್ಟಿದರು. ಅದರ ಹೆಸರು ನ್ಯೂ ಕಮ್ಯುನಿಟೀಸ್. ಅದನ್ನು ರೂಪಿಸಿದವರು ಇಸ್ರೇಲಿನ ಗುತ್ತಿಗೆ ಭೂಮಿಯ ಪದ್ಧತಿಯನ್ನು ನೋಡಿ ಬಂದಿದ್ದರು. ಅವರ ಮುಂದಿದ್ದ ಇನ್ನೊಂದು ಮಾದರಿ, ಜಮೀನನ್ನು ಇಡೀ ಊರಿಗೇ ಒಪ್ಪಿಸುವ ವಿನೋಬಾ ಭಾವೆಯವರ ಗ್ರಾಮದಾನ. 1957ರಲ್ಲಿ ಮೈಸೂರಿನ ಹತ್ತಿರದ ಯಲವಾಲದಲ್ಲಿ ವಿನೋಬಾ, ನೆಹರೂ ಕೂತು ಚರ್ಚಿಸಿದ್ದು ಇದೇ ಗ್ರಾಮದಾನವನ್ನು. ನಮ್ಮೂರಿನಲ್ಲಿ ವಿನೋಬನಗರ ಎಂಬ ಬಡಾವಣೆಯೇ ಇದೆ. ಇಲ್ಲಿಂದ ಹೊರಟ ವಿಚಾರವನ್ನು ಇಲ್ಲಿಯೇ ಮಾಡಿ ನೋಡಲು ಸಂಕೋಚ ಬೇಕಿಲ್ಲ. ಇದಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ, ಇರುವ ಕಾನೂನುಗಳನ್ನೇ ಜೋಡಿಸಿಕೊಳ್ಳಬೇಕು.

1. ಮೊದಲು ಜನ, ಆಮೇಲೆ ಜಾಗ

ಯಾರಿಗಾಗಿ ಮನೆ ಎಂಬುದನ್ನು ಮೊದಲ ಸಭೆಯಲ್ಲೇ ತೀರ್ಮಾನಿಸಿ. ‘ಸ್ಥಳೀಯರು’ ಎಂದರೆ ಇಷ್ಟು ವರ್ಷದಿಂದ ಇಲ್ಲಿ ವಾಸವಿರುವವರು ಅಥವಾ ದುಡಿಯುವವರು ಎಂದು ಬರೆದಿಡಿ. ಆದಾಯದ ಮಿತಿಯೂ ಇರಲಿ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ಇರುವ ವರ್ಷಕ್ಕೆ 3 ಲಕ್ಷ ರೂಪಾಯಿಯ ಮಿತಿಯನ್ನೇ ಇಟ್ಟುಕೊಂಡರೆ ಮುಂದೆ ಸಹಾಯಧನ ಕೇಳಲು ಅನುಕೂಲ. ಒಂದೇ ಜಾತಿ, ಒಂದೇ ಧರ್ಮದವರಿಗೆ ಎಂದು ಮಾಡಬೇಡಿ. ನ್ಯಾಯದ ಮಾತು ಒಂದು ಕಡೆಗಿರಲಿ, ಅಂಥ ದತ್ತಿಗೆ ಆದಾಯ ತೆರಿಗೆ ವಿನಾಯಿತಿಯೂ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರಿಗಾಗಿ ಮಾಡಿದರೆ ಅಡ್ಡಿಯಿಲ್ಲ.

2. ಟ್ರಸ್ಟ್ ಡೀಡ್

ಸಹಕಾರ ಸಂಘ ಮಾಡಬಹುದು, ಇಲ್ಲವೇ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ನೋಂದಾಯಿಸಬಹುದು. ಆದರೂ ಈ ಕೆಲಸಕ್ಕೆ ಸಾರ್ವಜನಿಕ ದತ್ತಿ ಟ್ರಸ್ಟೇ ಸರಿ ಎಂದು ನನ್ನ ಅಭಿಪ್ರಾಯ. ಸಂಘದಲ್ಲಿ ಇವತ್ತಿನ ಸದಸ್ಯರು ಬಹುಮತದಿಂದ ನಿಯಮ ಬದಲಿಸಿಕೊಳ್ಳಬಹುದು. ಜಾಗದ ಬೆಲೆ ಏರಿದಾಗ ಆ ಆಸೆ ಎಲ್ಲರಿಗೂ ಬರುತ್ತದೆ. ಟ್ರಸ್ಟ್ ಡೀಡಿನಲ್ಲಿ ಬರೆದ ಉದ್ದೇಶವನ್ನು ಅಷ್ಟು ಸುಲಭವಾಗಿ ಅಲುಗಿಸಲಾಗದು. ಡೀಡನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು.

ಟ್ರಸ್ಟಿಗೂ ಒಂದು ಕಾಯಿಲೆಯಿದೆ: ಅದು ಒಂದೇ ಮನೆತನದ ಸೊತ್ತಾಗಿಬಿಡಬಹುದು. ಅದಕ್ಕೆ ಹೊರದೇಶಗಳ ಟ್ರಸ್ಟುಗಳು ಕಂಡುಕೊಂಡ ಕ್ರಮ ಚೆನ್ನಾಗಿದೆ. ಮಂಡಳಿಯಲ್ಲಿ ಮೂರರಲ್ಲಿ ಒಂದು ಪಾಲು ಆ ಮನೆಗಳ ನಿವಾಸಿಗಳು, ಒಂದು ಪಾಲು ಸುತ್ತಲಿನ ಊರಿನವರು, ಉಳಿದ ಪಾಲು ವಕೀಲರು, ಎಂಜಿನಿಯರ್, ಲೆಕ್ಕಪರಿಶೋಧಕರಂಥವರು. ಪ್ರತಿಯೊಬ್ಬರಿಗೂ ಅವಧಿ ಇರಲಿ.

ಡೀಡಿನಲ್ಲಿ ಎರಡು ಮಾತು ಬಿಟ್ಟುಹೋಗಕೂಡದು. ಜಾಗವನ್ನು ಮಾರುವಂತಿಲ್ಲ. ಜಾಗವನ್ನು ಅಡ ಇಡುವಂತೆಯೂ ಇಲ್ಲ. ಎರಡನೆಯದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮೇಲೆ ಹೇಳಿದ ಜಾರ್ಜಿಯಾದ ಟ್ರಸ್ಟ್ ಸುಮಾರು 5,700 ಎಕರೆಯನ್ನು ಕಳೆದುಕೊಂಡಿದ್ದು ಸಾಲದಿಂದ. ಬರ ಬಿತ್ತು, ಸರ್ಕಾರದ ಸಾಲ ಸಮಯಕ್ಕೆ ಸಿಗಲಿಲ್ಲ, 1985ರಲ್ಲಿ ಜಮೀನು ಜಪ್ತಿಯಾಗಿ ಹೋಯಿತು.

3. ಜಾಗ ಹುಡುಕುವುದು, ಕಾಗದ ನೋಡುವುದು

ಜಾಗ ದಾನವಾಗಿ ಬರಬಹುದು, ಚಂದಾ ಎತ್ತಿ ಕೊಳ್ಳಬಹುದು, ಸರ್ಕಾರದಿಂದ ಮಂಜೂರಾಗಬಹುದು. ದಾನಿಗಳಿಗೆ ಒಂದು ವಿಷಯ ಮೊದಲೇ ತಿಳಿಸಿ: ದೇಣಿಗೆಯ ತೆರಿಗೆ ರಿಯಾಯಿತಿ ಹಣ ಕೊಟ್ಟವರಿಗೆ ಮಾತ್ರ, ಜಮೀನು ಕೊಟ್ಟವರಿಗಿಲ್ಲ.

ಪಹಣಿ ಕೈಗೆ ಬಂದ ಕೂಡಲೇ 9ನೇ ಕಾಲಂನ ಮಾಲೀಕರ ಹೆಸರು ನೋಡಿ ಮಡಚಿಡಬೇಡಿ. 3ನೇ ಕಾಲಂನಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟಿದೆ ನೋಡಿ. 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲದ ಭೋಜ, ಕೋರ್ಟಿನ ತಡೆ ಏನಾದರೂ ಇದೆಯೇ ಓದಿ. 10ನೇ ಕಾಲಂ ಹಿಡಿದು ಹಿಂದಕ್ಕೆ ಹೋಗಿ, ಜಮೀನು ಆ ಕುಟುಂಬಕ್ಕೆ ಬಂದದ್ದು ಹೇಗೆ ಎಂದು ಪತ್ತೆ ಮಾಡಿ. ಅದು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿಯಿಲ್ಲದ ಪರಭಾರೆ ನಿಲ್ಲುವುದಿಲ್ಲ. ಬಡವರಿಗೆ ಮನೆ ಕಟ್ಟಲು ಹೊರಟು ಇನ್ನೊಬ್ಬ ಬಡವರ ಜಮೀನು ನುಂಗಬಾರದು. ಋಣಭಾರ ಪ್ರಮಾಣಪತ್ರ 30 ವರ್ಷದ್ದು ತೆಗೆಸಿ. ಕಾವೇರಿ ಜಾಲತಾಣದಲ್ಲಿ 2004ರಿಂದೀಚಿನದು ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಕಚೇರಿಗೇ ಹೋಗಬೇಕು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಬರುವುದಿದ್ದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು.

ಮಣ್ಣನ್ನೂ ನೋಡಿ. ನಮ್ಮ ಸುತ್ತಮುತ್ತಲಿನ ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮೇಲುಮೇಲಿನ ಪಾಯ ಹಾಕಿದರೆ ಗೋಡೆ ಸೀಳುತ್ತದೆ, ಆಳದ ಪಾಯಕ್ಕೆ ಖರ್ಚು ಜಾಸ್ತಿ. ಭದ್ರಾ ನಾಲೆಯ ಗದ್ದೆ ಬಯಲಿನಲ್ಲಿ ನೀರು ನಿಲ್ಲುವ ತಾಪತ್ರಯ ಬೇರೆ. ಅಗ್ಗವೆಂದು ಹತ್ತು ಕಿಲೋಮೀಟರ್ ಆಚೆ ಜಾಗ ಹಿಡಿಯುವುದೂ ಬೇಡ. ನಸುಕಿನಲ್ಲೇ ಕೆಲಸಕ್ಕೆ ಹಾಜರಾಗಬೇಕಾದವರಿಗೆ ಆ ಹೊತ್ತಿನಲ್ಲಿ ಬಸ್ಸು ಎಲ್ಲಿದೆ?

4. ಪರಿವರ್ತನೆ, ಬಡಾವಣೆ

ಭೂ ಸುಧಾರಣಾ ಕಾಯ್ದೆಯ 79ಬಿ ಕಲಂ ಮೊದಲು ಟ್ರಸ್ಟುಗಳು ಕೃಷಿ ಜಮೀನು ಹೊಂದದಂತೆ ತಡೆಯುತ್ತಿತ್ತು, 2020ರ ತಿದ್ದುಪಡಿ ಅದನ್ನು ತೆಗೆದಿದೆ. ಆದರೂ ಜಮೀನು ದಾನಿಯ ಹೆಸರಿನಲ್ಲಿರುವಾಗಲೇ ಅದನ್ನು ಕೃಷಿಯಿಂದ ವಸತಿಗೆ ಬದಲಿಸುವ ಪರಿವರ್ತನೆ ಮುಗಿಸಿ, ಆಮೇಲೆ ಟ್ರಸ್ಟಿಗೆ ನೋಂದಾಯಿಸಿಕೊಳ್ಳುವುದು ಕ್ಷೇಮ. ಭೂ ಕಂದಾಯ ಕಾಯ್ದೆಯ 95ನೇ ಕಲಂ ಅಡಿ ಜಿಲ್ಲಾಧಿಕಾರಿಗೆ ಅರ್ಜಿ. ಅದಕ್ಕೂ ಮೊದಲು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆ ನೋಡಿ. ವಸತಿಗೆ ಗುರುತಿಸಿದ ಹಳದಿ ಬಣ್ಣದಲ್ಲಿ ನಿಮ್ಮ ಸರ್ವೆ ನಂಬರ್ ಇದ್ದರೆ ಅರ್ಧ ಕೆಲಸ ಆದಂತೆ.

ಎಷ್ಟು ಮನೆ ಬರುತ್ತವೆ? ಎಕರೆ ಎಂದರೆ 43,560 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆ ಬಿಟ್ಟ ಮೇಲೆ ಅರ್ಧ ಉಳಿಯಿತೆನ್ನಿ. ಇಪ್ಪತ್ತು-ಮೂವತ್ತರ ಸೈಟು ಹಾಕಿದರೆ 36. ಜಾಗ 500 ಚದರ ಮೀಟರ್ ಮೀರಿದರೆ ಅಥವಾ ಮನೆಗಳು ಎಂಟನ್ನು ದಾಟಿದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

5. ಗುತ್ತಿಗೆ ಪತ್ರ: ಎಲ್ಲ ನಿಂತಿರುವುದು ಇದರ ಮೇಲೆ

ಸೈಟನ್ನು ಕ್ರಯಕ್ಕೆ ಕೊಟ್ಟು ‘ಮಾರಕೂಡದು’ ಎಂದು ಶಾಶ್ವತ ಷರತ್ತು ಹಾಕಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಆಸ್ತಿ ವರ್ಗಾವಣೆ ಕಾಯ್ದೆಯ (1882) 10ನೇ ಕಲಂ ಪ್ರಕಾರ ಕೊಂಡವರು ಮತ್ತೆ ಮಾರದಂತೆ ಪೂರ್ತಿ ಕಟ್ಟಿಹಾಕುವ ಷರತ್ತು ಅನೂರ್ಜಿತ. ಆದರೆ ಅದೇ ಕಲಂನಲ್ಲಿ ಒಂದು ವಿನಾಯಿತಿಯಿದೆ: ಗುತ್ತಿಗೆ ಕೊಟ್ಟವರ ಹಿತಕ್ಕಾಗಿ ಗುತ್ತಿಗೆಯಲ್ಲಿ ಹಾಕಿದ ಷರತ್ತು ಊರ್ಜಿತ. ನಾವು ಹಿಡಿಯಬೇಕಾದ ಎಳೆ ಇದೇ. ಗುತ್ತಿಗೆ ಒಂದು ವರ್ಷ ಮೀರಿದ್ದರಿಂದ ನೋಂದಣಿ ಕಡ್ಡಾಯ. ದೀರ್ಘ ಗುತ್ತಿಗೆಗೆ ಮುದ್ರಾಂಕ ಶುಲ್ಕ ಚಿಲ್ಲರೆಯಲ್ಲ, ಮೊದಲೇ ಲೆಕ್ಕ ಹಾಕಿಸಿ.

ಪತ್ರದಲ್ಲಿ ಇರಬೇಕಾದದ್ದು: ಗಂಡ ಹೆಂಡತಿ ಇಬ್ಬರ ಹೆಸರು, ವಾರಸುದಾರರ ಹಕ್ಕು, ಮನೆಯಲ್ಲಿ ತಾವೇ ವಾಸಿಸಬೇಕೆಂಬ ಷರತ್ತು, ತಿಂಗಳಿಗೆ ಅಲ್ಪ ನೆಲಬಾಡಿಗೆ, ಮನೆಯನ್ನು ಮಾತ್ರ ಬ್ಯಾಂಕಿಗೆ ಅಡ ಇಡುವ ಅವಕಾಶ. ಸಾಲ ಕಟ್ಟಲಾಗದಿದ್ದರೆ ಹರಾಜಿಗೆ ಮುಂಚೆ ಟ್ರಸ್ಟಿಗೆ ತಿಳಿಸಬೇಕೆಂದು ಬ್ಯಾಂಕಿನಿಂದಲೂ ಒಪ್ಪಿಗೆ ಪಡೆಯಿರಿ. ಕರಡು ಸಿದ್ಧವಾದ ಮೇಲೆ ಬ್ಯಾಂಕಿಗೆ ಹೋಗುವುದಲ್ಲ, ಕರಡು ಬರೆಯುವಾಗಲೇ ಅವರ ಕಾನೂನು ಸಲಹೆಗಾರರ ಜತೆ ಕೂರಿ. ಗುತ್ತಿಗೆ ಜಾಗದ ಮನೆಗೆ ಸಾಲವೆಂದರೆ ಮ್ಯಾನೇಜರ್ ಮೊದಲು ತಲೆಯಾಡಿಸುವುದಿಲ್ಲ.

6. ಮರುಮಾರಾಟದ ಸೂತ್ರ

ಜಗಳ ಬರುವುದು ಇಲ್ಲಿ. ಅಮೆರಿಕದ ಬರ್ಲಿಂಗ್ಟನ್‌ನಲ್ಲಿ 1984ರಲ್ಲಿ ಶುರುವಾದ ಟ್ರಸ್ಟಿನಲ್ಲಿ ಬೆಲೆ ಏರಿಕೆಯ ಶೇ 25ರಷ್ಟು ಮಾರುವವರಿಗೆ. ಲಂಡನ್ನಿನ ಟ್ರಸ್ಟ್ ಬೆಲೆಯನ್ನು ಆ ಪ್ರದೇಶದವರ ಆದಾಯಕ್ಕೆ ಜೋಡಿಸಿದೆ.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಸೈಟಿಗೆ 14 ಲಕ್ಷ, ಮನೆಗೆ 10 ಲಕ್ಷ ಬೆಲೆ. ಕುಟುಂಬ ಕೊಡುವುದು 10 ಲಕ್ಷ. ಹತ್ತು ವರ್ಷದ ಮೇಲೆ ಸೈಟು 22, ಮನೆ 18, ಒಟ್ಟು 40 ಲಕ್ಷ. ಬರ್ಲಿಂಗ್ಟನ್ನಿನ ಅಳತೆಯನ್ನು ಮನೆಯ ಬೆಲೆಗೆ ಹಚ್ಚಿದರೆ ಏರಿಕೆ 8 ಲಕ್ಷ, ಅದರ ಕಾಲು ಭಾಗ 2 ಲಕ್ಷ. ಮಾರುವ ಬೆಲೆ 12 ಲಕ್ಷ. ಹೊರಗೆ 40 ಲಕ್ಷ ಬಾಳುವ ಮನೆ ಇನ್ನೊಬ್ಬ ಹಮಾಲಿಯ ಕುಟುಂಬಕ್ಕೆ 12ಕ್ಕೆ ಸಿಗುತ್ತದೆ.

ಮೊದಲ ಕುಟುಂಬಕ್ಕೆ ಇದು ಅನ್ಯಾಯವೇ? ಹತ್ತು ವರ್ಷ ಬಾಡಿಗೆ ಕಟ್ಟಿದ್ದರೆ ಅವರ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಇಲ್ಲಿ ಹಾಕಿದ ದುಡ್ಡು ಬರುತ್ತದೆ, ಮೇಲೆ ಒಂದಿಷ್ಟೂ ಬರುತ್ತದೆ. ಹಾಗಿದ್ದೂ ಬೆಲೆಗಳು ವೇಗವಾಗಿ ಏರುವಾಗ 2 ಲಕ್ಷ ತೀರಾ ಕಡಿಮೆ ಅನ್ನಿಸಬಹುದು. ಅವರು ಸ್ವಂತ ದುಡ್ಡಿನಲ್ಲಿ ಕಟ್ಟಿಸಿದ ಕೋಣೆ, ಹಾಕಿಸಿದ ಬೋರ್‌ವೆಲ್ಲಿನ ಬೆಲೆಯನ್ನು ಬೇರೆಯಾಗಿ ಕೊಡುವುದು ನ್ಯಾಯ. ಸೂತ್ರ ಯಾವುದೇ ಇರಲಿ, ಗುತ್ತಿಗೆ ಪತ್ರದಲ್ಲಿ ಉದಾಹರಣೆ ಸಮೇತ, ಅಂಕಿಗಳಲ್ಲಿ ಬರೆಯಿರಿ.

7. ಸಹಿಗೆ ಮುಂಚೆ

ಕಾಯುವವರ ಪಟ್ಟಿ ಕಚೇರಿಯ ಗೋಡೆಯ ಮೇಲಿರಲಿ, ಟ್ರಸ್ಟಿಗಳ ಕಿಸೆಯಲ್ಲಲ್ಲ. ಯಾರಾದರೂ ಮನೆ ಬಿಡುತ್ತೇನೆಂದಾಗ ಟ್ರಸ್ಟೇ ಕೊಂಡು ಮುಂದಿನವರಿಗೆ ಕೊಡಲು ಒಂದು ನಿಧಿ ಬೇಕು. ನೆಲಬಾಡಿಗೆಯ ಒಂದು ಪಾಲನ್ನು ಮೊದಲ ತಿಂಗಳಿನಿಂದಲೇ ಅದಕ್ಕೆ ತೆಗೆದಿಡಿ.

ಮನೆ ಪಡೆಯುವವರಿಗೆ ಗುತ್ತಿಗೆ ಪತ್ರ ಕನ್ನಡದಲ್ಲಿರಬೇಕು, ಸಹಿ ಹಾಕುವ ಮುಂಚೆ ಟ್ರಸ್ಟಿಗೆ ಸಂಬಂಧವಿಲ್ಲದ ವಕೀಲರೊಬ್ಬರು ಅದನ್ನು ಓದಿ ವಿವರಿಸಬೇಕು. ವಕೀಲರಿಗೆ ಫೀಸು ಕೊಡಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.