ಮಯೋರ್ಕಾದಲ್ಲಿ ಮಕ್ಕಳ ಜೊತೆ ದೋಣಿ ಬಾಡಿಗೆಗೆ ತಗೊಳ್ಳುವವರಿಗೆ

ಬೇಸಿಗೆ ರಜೆಗೆ ಸ್ಪೇನ್‌ನ ಮಯೋರ್ಕಾ ದ್ವೀಪಕ್ಕೆ ಹೊರಟಿದ್ದರೆ ಒಂದು ದಿನ ದೋಣಿಗೆ ಅಂತಲೇ ಇಡಿ. ರಸ್ತೆಯೇ ಇಲ್ಲದ ಸಣ್ಣ ಕೊಲ್ಲಿಗಳನ್ನು ನೀರಿನ ಕಡೆಯಿಂದಲೇ ನೋಡಬೇಕು. 5 ಮೀಟರ್ ಒಳಗಿನ, 15 ಎಚ್‌ಪಿವರೆಗಿನ ಎಂಜಿನ್‌ನ ದೋಣಿ ನಡೆಸಲು ಲೈಸೆನ್ಸ್ ಬೇಡ. ಆದರೆ ಹಗಲಲ್ಲಿ ಮಾತ್ರ, ಬಂದರಿನಿಂದ 2 ನಾಟಿಕಲ್ ಮೈಲಿ (ಸುಮಾರು 3.7 ಕಿ.ಮೀ.) ಒಳಗೆ.

ಬೆಳಗಿನ ಹೊತ್ತೇ ಬುಕ್ ಮಾಡಿ. ಬಿಸಿಲೇರಿ ನೆಲ ಕಾದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಶುರುವಾಗುತ್ತದೆ. ಸಣ್ಣ ದೋಣಿ ಕುಣಿಯತೊಡಗಿದರೆ ಮಕ್ಕಳಿಗೆ ವಾಂತಿ ಗ್ಯಾರಂಟಿ.

ಲಂಗರು ಹಾಕುವಾಗ ಸ್ವಲ್ಪ ನಿಧಾನಿಸಿ. ನೀರು ಕನ್ನಡಿಯಷ್ಟು ತಿಳಿ, ತಳ ಕಾಣುತ್ತದೆ. ತಿಳಿ ನೀಲಿ ಕಂಡರೆ ಮರಳು, ಅಲ್ಲೇ ಹಾಕಿ. ಕಪ್ಪಗೆ ಕಾಣುವ ಕಡೆ ಪೊಸಿಡೋನಿಯಾ ಅನ್ನೋ ಸಮುದ್ರದ ಹುಲ್ಲು ಇರಬಹುದು. ಮೀನುಮರಿಗಳು ಬೆಳೆಯುವುದು ಅದರಲ್ಲೇ, ಕಿತ್ತರೆ ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು. 2018ರ ಕಾನೂನಿನ ಪ್ರಕಾರ ಅದರ ಮೇಲೆ ಲಂಗರು ಹಾಕುವಂತಿಲ್ಲ, ದಂಡ ಬೀಳುತ್ತದೆ. ಹಗ್ಗವನ್ನು ನೀರಿನ ಆಳದ ಮೂರು ಪಟ್ಟಾದರೂ ಬಿಡಿ. ಆಮೇಲೆ ದಡದ ಒಂದು ಬಂಡೆಯನ್ನು ಗುರುತಿಟ್ಟುಕೊಂಡು ಐದು ನಿಮಿಷ ನೋಡಿ, ದೋಣಿ ಜಾರುತ್ತಿದ್ದರೆ ಗೊತ್ತಾಗುತ್ತದೆ. ಮಕ್ಕಳು ನೀರಿಗೆ ಇಳಿಯುವ ಮುಂಚೆ ಎಂಜಿನ್ ಪೂರ್ತಿ ಆಫ್ ಆಗಿರಲೇಬೇಕು.

ನೀರಲ್ಲಿ ತೇಲುವ ಹಳದಿ ಬೋಯಾಗಳ (ಗಡಿ ಗುರುತುಗಳ) ಒಳಗೆ ಈಜುವವರಿರುತ್ತಾರೆ, ಆ ಕಡೆ ಹೋಗಬೇಡಿ.

ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ. ಪೆಟ್ರೋಲ್ ಖರ್ಚು ಬಾಡಿಗೆಯಲ್ಲಿ ಸೇರಿದೆಯಾ ಅನ್ನೋದನ್ನೂ ಕೇಳಿ. ಹೊರಡುವ ಮುಂಚೆ ದೋಣಿಯ ಸುತ್ತ, ಪ್ರೊಪೆಲರ್ ಸಮೇತ, ವಿಡಿಯೋ ಮಾಡಿಟ್ಟುಕೊಂಡರೆ ಡಿಪಾಸಿಟ್ ವಾಪಸ್ ಪಡೆಯುವಾಗ ತಕರಾರು ಇರಲ್ಲ.