ತುಟಿ ಹಾಡಿಗೆ ಕೂರಬೇಕು: ಆಲ್ಬಂ ಸಾಂಗ್ ಶೂಟಿಂಗ್ ಹೀಗೆ ಮಾಡಿ

ಮಂಗಳೂರು, ಉಡುಪಿ ಕಡೆ ಆಲ್ಬಂ ಸಾಂಗ್‌ಗಳಿಗೆ ಈಗ ಬರವಿಲ್ಲ. ತುಳು, ಕನ್ನಡ, ಕೊಂಕಣಿ ಎಲ್ಲದರಲ್ಲೂ ಬರುತ್ತಿವೆ. ಕ್ಯಾಮೆರಾ ಚೆನ್ನಾಗಿರುತ್ತದೆ, ಮಲ್ಪೆ ಕಡಲೂ ಚೆಂದ ಕಾಣುತ್ತದೆ. ಆದರೆ ಹಾಡು ಒಂದು ಕಡೆ, ಹಾಡುವವರ ತುಟಿ ಇನ್ನೊಂದು ಕಡೆ. ಕೇಳಿದರೆ "ಎಡಿಟಿಂಗಲ್ಲಿ ಸರಿ ಮಾಡುವಾ ಮಾರಾಯ್ರೆ" ಎನ್ನುತ್ತಾರೆ. ಎಡಿಟಿಂಗ್‌ನಲ್ಲಿ ಸರಿಯಾಗುವುದು ಸ್ವಲ್ಪವೇ. ಉಳಿದದ್ದು ಶೂಟಿಂಗ್ ಜಾಗದಲ್ಲೇ ಆಗಬೇಕು.

1. ಹಾಡು ಪೂರ್ತಿ ಮುಗಿದಿರಲಿ

ರಫ್ ಟ್ರ್ಯಾಕ್ ಹಾಕಿ ಶೂಟಿಂಗ್ ಮಾಡಬೇಡಿ. ಆಮೇಲೆ ಸ್ಟುಡಿಯೊದವರು ವೇಗ ಒಂಚೂರು ಬದಲಿಸಿದರೂ ಎಲ್ಲಾ ಹಾಳು. ಹಾಡಿನ ಮುಂದೆ ಮೂರು ಬೀಪ್ ಸೇರಿಸಿಕೊಳ್ಳಿ. ಹಾಡುವವರಿಗೆ ಎಲ್ಲಿ ಎತ್ತಿಕೊಳ್ಳಬೇಕು ಎಂದು ತಿಳಿಯುತ್ತದೆ, ಎಡಿಟರ್‌ಗೆ ಗುರುತೂ ಸಿಗುತ್ತದೆ.

2. ಕ್ಯಾಮೆರಾ ಸೆಟ್ಟಿಂಗ್

ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಸ್‌ನದ್ದು. ಇದಕ್ಕೆ ಹೊಂದದ ಲೆಕ್ಕ ಇಟ್ಟರೆ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳ ಕೆಳಗೆ ಚಿತ್ರ ಮಿಣುಕಬಹುದು. ಎರಡು ಕ್ಯಾಮೆರಾ ಇದ್ದರೆ ಎರಡರಲ್ಲೂ ಇದೇ ಇರಲಿ. ಮೊಬೈಲಿನಲ್ಲಿ ತೆಗೆಯುವವರು ಒಂದು ನೆನಪಿಡಿ. ಅದರ ಮಾಮೂಲಿ ಕ್ಯಾಮೆರಾ ಆ್ಯಪ್‌ನಲ್ಲಿ ಫ್ರೇಮ್ ರೇಟ್ ಒಂದೇ ಸಮ ಇರುವುದಿಲ್ಲ. ಮೊದಲ ಸಾಲು ಸರಿ ಕೂತು, ಕೊನೆಯ ಚರಣ ಜಾರುವುದು ಇದರಿಂದಲೇ. ಫ್ರೇಮ್ ರೇಟ್ ಲಾಕ್ ಮಾಡುವ ಆ್ಯಪ್ ಬಳಸಿ. ಈಗಾಗಲೇ ತೆಗೆದಾಗಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದೇ ರೇಟಿಗೆ ತಂದು ಆಮೇಲೆ ಎಡಿಟಿಂಗಿಗೆ ಕೂರಿ.

3. ಸ್ಪೀಕರ್ ಎಲ್ಲಿಡಬೇಕು?

ಶೂಟಿಂಗ್ ಹೊತ್ತಿಗೆ ಹಾಡು ಹಾಕುವ ಸ್ಪೀಕರ್ ಹಾಡುವವರ ಹತ್ತಿರ, ಚಿತ್ರದಲ್ಲಿ ಕಾಣದ ಹಾಗೆ ಇರಲಿ. ಕಡಲ ಗಾಳಿಗೆ ಕಿಸೆಯಲ್ಲಿಟ್ಟ ಫೋನಿನ ದನಿ ಯಾರಿಗೂ ಕೇಳಿಸದು. ಕ್ಯಾಮೆರಾದ ಮೈಕ್ ಆಫ್ ಮಾಡಲೇಬೇಡಿ. ಅದರಲ್ಲಿ ಬಂದ ಆ ಕೆಟ್ಟ ದನಿಯನ್ನು ಮೂಲ ಹಾಡಿನ ಜೊತೆ ಹೋಲಿಸಿಕೊಂಡೇ ನಾಳೆ ಶಾಟ್ ಹೊಂದಿಸಬೇಕಲ್ವಾ? ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಟೆಲಿ ಲೆನ್ಸ್ ಹಾಕಿ 34 ಮೀಟರ್ ದೂರ ನಿಂತರೆ ಕ್ಯಾಮೆರಾಕ್ಕೆ ಹಾಡು ಎರಡೂವರೆ ಫ್ರೇಮ್ ತಡವಾಗಿ ಕೇಳಿಸುತ್ತದೆ. ಆ ಶಾಟನ್ನು ಕಣ್ಣಳತೆಯಲ್ಲೇ ಕೂರಿಸಬೇಕು.

ಇನ್ನು, ಹಾಡುವವರು ಬಾಯಿಬಿಟ್ಟು ಹಾಡಬೇಕು. ಸುಮ್ನೆ ತುಟಿ ಆಡಿಸಿದರೆ ಕುತ್ತಿಗೆಯ ನರ ಬಿಗಿಯುವುದಿಲ್ಲ, ಎದೆ ಏರುವುದಿಲ್ಲ. ಶ್ರುತಿ ತಪ್ಪಿದರೂ ಚಿಂತೆಯಿಲ್ಲ, ಆ ದನಿ ಯಾರಿಗೂ ಕೇಳಿಸುವುದಿಲ್ಲ.

4. ಸ್ಲೋ ಮೋಷನ್‌ನಲ್ಲಿ ಹಾಡುವುದು

ಜಾಸ್ತಿ ಜನ ಎಡವುವುದು ಇಲ್ಲೇ. ಸೆರಗು ನಿಧಾನಕ್ಕೆ ಹಾರಬೇಕು, ತುಟಿ ಮಾತ್ರ ಹಾಡಿಗೆ ಸರಿಯಾಗಿರಬೇಕು. ಹಾಡನ್ನು ಮಾಮೂಲಿ ವೇಗದಲ್ಲಿ ಹಾಕಿ 50 ಫ್ರೇಮ್‌ನಲ್ಲಿ ತೆಗೆದು ಆಮೇಲೆ ನಿಧಾನ ಮಾಡಿದರೆ ಒಂದು ಸಾಲು ಎರಡರಷ್ಟು ಉದ್ದವಾಗುತ್ತದೆ. ಅದಕ್ಕೆ ಯಾವ ಸಾಫ್ಟ್‌ವೇರ್‌ನಲ್ಲೂ ಮದ್ದಿಲ್ಲ.

ಮಾಡಬೇಕಾದ್ದು ಇಷ್ಟು. ಬೀಪ್ ಸಮೇತ ಹಾಡನ್ನು ಎರಡರಷ್ಟು ವೇಗ ಮಾಡಿ ಇನ್ನೊಂದು ಫೈಲ್ ಮನೆಯಲ್ಲೇ ತಯಾರಿಸಿ. ಪಿಚ್ (ಶ್ರುತಿ) ಬದಲಾಗದ ಹಾಗೆ ಮಾಡಿ, ಇಲ್ಲದಿದ್ದರೆ ಆ ಕೀರಲು ದನಿಗೆ ಸೆಟ್‌ನಲ್ಲಿ ಎಲ್ಲರೂ ನಗುತ್ತಾರೆ. ಕ್ಯಾಮೆರಾ 50 ಫ್ರೇಮ್, ಶಟರ್ 1/100. ಆ ವೇಗದ ಹಾಡಿಗೆ ಹಾಡುವವರು ಅದೇ ವೇಗದಲ್ಲಿ ಹಾಡಬೇಕು. 16 ಸೆಕೆಂಡಿನ ಸಾಲು 8 ಸೆಕೆಂಡಿನಲ್ಲಿ ಮುಗಿಯುತ್ತದೆ. ಆಮೇಲೆ ಕ್ಲಿಪ್ಪನ್ನು ದನಿ ಸಮೇತ ಅರ್ಧ ವೇಗಕ್ಕೆ ಇಳಿಸಿ. ದನಿಯೂ ಮೂಲ ವೇಗಕ್ಕೆ ಬರುತ್ತದೆ, ಬೀಪ್‌ಗೆ ಬೀಪ್ ಹೊಂದಿಸಿದರೆ ಆಯಿತು.

ತುಟಿಯೊಂದೇ ಬೇಗ ಆಡಿದರೆ ಸಾಲದು. ತಾಳ ಹಾಕುವ ಕೈ, ಗಿಟಾರ್ ಮೀಟುವ ಬೆರಳು ಕೂಡ ಆ ವೇಗಕ್ಕೇ ಓಡಬೇಕು. ಹೀಗೆ ಇಡೀ ಹಾಡು ತೆಗೆಯುವುದು ದಂಡ. ಪಲ್ಲವಿಯ ಎರಡು ಸಾಲು ಸಾಕು, ಅದೂ ಪ್ರಾಕ್ಟೀಸ್ ಮಾಡಿಸಿ. ಮೊದಲೇ ವೇಗದ ಹಾಡಾದರೆ 30 ಫ್ರೇಮ್‌ನಲ್ಲಿ ತೆಗೆಯಿರಿ, ಹಾಡನ್ನು 1.2 ಪಟ್ಟು ವೇಗದಲ್ಲಿ ಹಾಕಿ. 25ಕ್ಕೆ ಇಳಿಸಿದಾಗ ಕೂದಲು, ಸೆರಗು ಲಘುವಾಗಿ ತೇಲುತ್ತವೆ, ಯಾರಿಗೂ ಗುಟ್ಟು ತಿಳಿಯುವುದಿಲ್ಲ. ನನಗಂತೂ ಪೂರ್ತಿ ಸ್ಲೋ ಮೋಷನ್‌ಗಿಂತ ಇದೇ ಇಷ್ಟ.

5. ಬೆಳಕು ಮತ್ತು ಶಾಟ್

ನಮ್ಮ ಕಡಲು ಪಡುವಣದಲ್ಲಿದೆ. ಕಡಲಿಗೆ ಬೆನ್ನು ಹಾಕಿ ನಿಂತವರ ಮುಖಕ್ಕೆ ಬೆಳಕು ಬೀಳುವುದು ಬೆಳಿಗ್ಗೆ. ಸಂಜೆ ಅದೇ ಜಾಗದಲ್ಲಿ ಮುಖ ಕಪ್ಪು. ಎಲ್ಲರೂ ಸಂಜೆಯೇ ಬರುತ್ತಾರೆ! ಹಾಡುವ ಶಾಟ್ ಬೆಳಿಗ್ಗೆ ಮುಗಿಸಿ, ಸಂಜೆಗೆ ನಡೆಯುವ, ಓಡುವ ನೆರಳು ಚಿತ್ರಗಳನ್ನು ಇಟ್ಟುಕೊಳ್ಳಿ. ಇಡೀ ಹಾಡನ್ನು ದೂರದಿಂದ ಒಮ್ಮೆ, ಸೊಂಟದವರೆಗೆ ಒಮ್ಮೆ, ಮುಖ ಮಾತ್ರ ಒಮ್ಮೆ ತೆಗೆಯಿರಿ. ಆಮೇಲೆ ತುಟಿ ಇಲ್ಲದ್ದು ಬೇಕಾದಷ್ಟು: ಕಾಲು, ಕೈ, ದೋಣಿ, ಬಲೆ. ಸಿಂಕ್ (ತುಟಿ-ಹಾಡಿನ ಹೊಂದಾಣಿಕೆ) ತಪ್ಪಿದ ಜಾಗವನ್ನು ಮುಚ್ಚುವುದು ಇವೇ.

ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಚೆಂದವೇ, ಆದರೆ ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ. ಡ್ರೋನ್ ಹಾರಿಸುವ ಮುಂಚೆ, ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಬಜ್ಪೆಯಲ್ಲಿ ವಿಮಾನ ನಿಲ್ದಾಣ, ಪಣಂಬೂರಿನಲ್ಲಿ ಬಂದರು ಇವೆ.

6. ಎಡಿಟಿಂಗ್

ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಧಾರಾಳ ಸಾಕು. ಹಾಡನ್ನು ಕೆಳಗೆ ಹಾಕಿ ಲಾಕ್ ಮಾಡಿ. ಎಲ್ಲಾ ಟೇಕ್‌ಗಳನ್ನು ಒಂದರ ಮೇಲೊಂದು ಪೇರಿಸಿ ಸಿಂಕ್ ಮಾಡಿ. ಕತ್ತರಿಸುವುದು ಆಮೇಲೆ. ನಿಮಿಷಕ್ಕೆ 100 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟ್ ಅಂದರೆ 15 ಫ್ರೇಮ್. ಬೀಟಿಗಿಂತ ಒಂದೆರಡು ಫ್ರೇಮ್ ಮುಂಚೆ ಕತ್ತರಿಸಿದರೆ ಕಣ್ಣಿಗೆ ಸರಿಯಾಗಿ ಕೂರುತ್ತದೆ. ಹಾಗಂತ ಪ್ರತಿ ಬೀಟಿಗೂ ಕತ್ತರಿಸಬೇಡಿ, ನೋಡುವವರಿಗೆ ತಲೆ ಸುತ್ತುತ್ತದೆ. ಕೊಳಲು ಬಂದಾಗ ಕೊಳಲು ತೋರಿಸಿ.

ಗಾಜು ಒಡೆಯುವ, ಮಿಂಚು ಹೊಡೆಯುವ ಟ್ರಾನ್ಸಿಶನ್ ಪ್ಯಾಕ್‌ಗಳಿಗೆ ದುಡ್ಡು ಸುರಿಯಬೇಡಿ. ಒಂದು ಶಾಟಿನ ಕೊನೆಗೆ ಕ್ಯಾಮೆರಾವನ್ನು ಬಲಕ್ಕೆ ರಪ್ಪನೆ ತಿರುಗಿಸಿ. ಮುಂದಿನ ಶಾಟನ್ನೂ ಬಲಕ್ಕೆ ತಿರುಗಿಸುತ್ತಲೇ ಶುರು ಮಾಡಿ. ಮಸುಕಾದ ಕಡೆ ಎರಡನ್ನೂ ಸೇರಿಸಿದರೆ ಬಿಟ್ಟಿಯಾಗಿ ಒಳ್ಳೆಯ ಟ್ರಾನ್ಸಿಶನ್ ಆಗುತ್ತದೆ. ರೆಡಿಮೇಡ್ ಕಲರ್ ಪ್ಯಾಕ್‌ಗಳೂ ಅಷ್ಟೇ, ಎಲ್ಲರ ಮುಖಕ್ಕೂ ಕಿತ್ತಳೆ ಬಣ್ಣ ಬಳಿಯುತ್ತವೆ.

7. ಕೊನೆಯ ಪರೀಕ್ಷೆ

25 ಫ್ರೇಮ್‌ನಲ್ಲೇ ಎಕ್ಸ್‌ಪೋರ್ಟ್ ಮಾಡಿ. ಸಿಂಕ್ ನೋಡುವಾಗ ವೈರ್ ಇರುವ ಇಯರ್‌ಫೋನ್ ಹಾಕಿಕೊಳ್ಳಿ. ಬ್ಲೂಟೂತ್‌ನಲ್ಲಿ ದನಿ ತಡವಾಗಿ ಬರುತ್ತದೆ. ಅದನ್ನು ನಂಬಿ, ಸರಿಯಿದ್ದ ಶಾಟನ್ನೇ ಜರುಗಿಸಿ ಕೆಡಿಸುವವರು ಬೇಕಾದಷ್ಟು ಜನ ಇದ್ದಾರೆ.