ಕ್ಯಾಮೆರಾ, ಲೆನ್ಸ್: ಹೋಲಿಸಿ ನೋಡುವುದು ಹೇಗೆ?

ಮನೆಯಲ್ಲೇ ಮಾಡುವ ಲೆನ್ಸ್ ಪರೀಕ್ಷೆಗಳಲ್ಲಿ ಬಹುಪಾಲು ಕೆಡುವುದು ಪರೀಕ್ಷೆ ಮಾಡುವ ರೀತಿಯಿಂದಲೇ. ಒಂದು ಚಿತ್ರ ತೆಗೆಯುವಾಗ ಕ್ಯಾಮೆರಾ ತುಸು ಅಲುಗಿರುತ್ತದೆ. ಇನ್ನೊಂದರಲ್ಲಿ ಫೋಕಸ್ ಕೂದಲೆಳೆಯಷ್ಟು ಹಿಂದೆ ಬಿದ್ದಿರುತ್ತದೆ. ಮತ್ತೊಂದಕ್ಕೆ ಮೋಡ ಅಡ್ಡ ಬಂದಿರುತ್ತದೆ. ಆಮೇಲೆ ಎರಡನ್ನೂ ಪರದೆಯ ಮೇಲೆ ಹಿಗ್ಗಿಸಿ ನೋಡಿ, ಇದು ಶಾರ್ಪ್, ಅದು ಮಂಕು ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಹೋಲಿಕೆಯನ್ನು ನಂಬಬೇಕಾದರೆ ಎರಡು ಚಿತ್ರಗಳ ನಡುವೆ ಬದಲಾಗುವ ಸಂಗತಿ ಒಂದೇ ಇರಬೇಕು. ಲೆನ್ಸ್ ಹೋಲಿಸುವಾಗ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಅದೇ ಇರಲಿ. ಬಾಡಿ ಹೋಲಿಸುವಾಗ ಸಾಧ್ಯವಾದಷ್ಟೂ ಲೆನ್ಸ್ ಅದೇ ಇರಲಿ. ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಟ್ರೈಪಾಡ್, ಚಪ್ಪಟೆಯಾದ ಸಣ್ಣ ಕನ್ನಡಿ, ಸಪಾಟಾದ ಗೋಡೆ, ಹಳೆಯ ದಿನಪತ್ರಿಕೆ, ಅಂಟುಪಟ್ಟಿ.

ಮೊದಲು ಸೆನ್ಸರ್ ಲೆಕ್ಕ

ಸೆನ್ಸರ್‌ನ (ಬೆಳಕನ್ನು ಚಿತ್ರವಾಗಿ ಹಿಡಿಯುವ ಚಿಪ್) ಅಳತೆ ಬೇರೆಯಾದರೆ ಲೆನ್ಸ್ ಮೇಲಿನ ಅಂಕಿಗಳನ್ನು ಹಾಗೇ ಪಕ್ಕಪಕ್ಕ ಇಡುವಂತಿಲ್ಲ. ಫುಲ್‌ಫ್ರೇಮ್ ಸೆನ್ಸರ್ 36×24 ಮಿ.ಮೀ. ನಿಕಾನ್, ಸೋನಿ, ಫ್ಯೂಜಿಫಿಲ್ಮ್‌ಗಳ ಎಪಿಎಸ್-ಸಿ ಸೆನ್ಸರ್ ಸುಮಾರು 23.5×15.6 ಮಿ.ಮೀ.; ಕ್ಯಾನನ್‌ನದು ಅದಕ್ಕಿಂತ ಕೊಂಚ ಚಿಕ್ಕದು, 22.3×14.9 ಮಿ.ಮೀ. ಆಸುಪಾಸು. ಮೈಕ್ರೊ ಫೋರ್ ಥರ್ಡ್ಸ್ 17.3×13 ಮಿ.ಮೀ. ಇವುಗಳ ಕ್ರಾಪ್ ಫ್ಯಾಕ್ಟರ್ (ಫುಲ್‌ಫ್ರೇಮ್‌ಗಿಂತ ಎಷ್ಟು ಪಟ್ಟು ಚಿಕ್ಕದು ಎಂಬ ಅಂಕಿ) ಕ್ರಮವಾಗಿ 1, 1.5, 1.6 ಮತ್ತು 2.

ಫೋಕಲ್ ಲೆಂತ್ (ಲೆನ್ಸ್ ಮೇಲಿನ ಮಿ.ಮೀ. ಅಂಕಿ) ಅನ್ನು ಕ್ರಾಪ್ ಫ್ಯಾಕ್ಟರ್‌ನಿಂದ ಗುಣಿಸುವುದು ಹವ್ಯಾಸಿಗಳಿಗೆಲ್ಲ ರೂಢಿ. ಅಪರ್ಚರ್ ಸಂಖ್ಯೆಯನ್ನೂ (ಬೆಳಕು ಒಳಬರುವ ಕಿಂಡಿಯ ಎಫ್ ಅಂಕಿ; ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಅದರಿಂದಲೇ ಗುಣಿಸಬೇಕು ಎಂಬುದು ಮಾತ್ರ ಮರೆತುಹೋಗುತ್ತದೆ. ಎಪಿಎಸ್-ಸಿಯಲ್ಲಿ 35 ಮಿ.ಮೀ., ಎಫ್/1.8, ಐಎಸ್‌ಒ (ಬೆಳಕಿನ ಸಂವೇದನೆಯ ಮಟ್ಟ) 400 ಇಟ್ಟು ಒಂದು ಚಿತ್ರ ತೆಗೆಯಿರಿ. ಅಲ್ಲೇ ನಿಂತು ಅದೇ ಶಟರ್ ವೇಗದಲ್ಲಿ ಫುಲ್‌ಫ್ರೇಮ್‌ನಲ್ಲಿ 50 ಮಿ.ಮೀ., ಎಫ್/2.8, ಐಎಸ್‌ಒ 1000 ಇಟ್ಟು ಇನ್ನೊಂದು ತೆಗೆಯಿರಿ. ನೋಟದ ಕೋನ, ಹಿನ್ನೆಲೆಯ ಮಸುಕು, ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಮೂರೂ ಹೆಚ್ಚುಕಡಿಮೆ ಒಂದೇ ಸಮ ಬರುತ್ತವೆ. ಎರಡರಲ್ಲೂ ಸೆನ್ಸರ್ ಮೇಲೆ ಬಿದ್ದ ಒಟ್ಟು ಬೆಳಕು ಹತ್ತಿರಹತ್ತಿರ ಒಂದೇ ಆಗಿರುವುದು ಇದಕ್ಕೆ ಕಾರಣ.

ದೊಡ್ಡ ಸೆನ್ಸರ್‌ಗೆ ಹಾರುವ ಮುನ್ನ ಈ ಲೆಕ್ಕ ಮಾಡಲೇಬೇಕು. ಮ್ಯಾಕ್ರೊ (ತೀರಾ ಹತ್ತಿರದಿಂದ ತೆಗೆಯುವ) ಅಥವಾ ಗುಂಪಿನ ಚಿತ್ರಗಳಿಗೆ ಡೆಪ್ತ್ ಆಫ್ ಫೀಲ್ಡ್ (ಶಾರ್ಪ್ ಆಗಿ ಕಾಣುವ ಆಳ) ಹೆಚ್ಚು ಬೇಕು. ಆಗ ಫುಲ್‌ಫ್ರೇಮ್‌ನಲ್ಲಿ ಅಪರ್ಚರ್ ಇನ್ನಷ್ಟು ಕಿರಿದಾಗಿಸಿ ಐಎಸ್‌ಒ ಏರಿಸಬೇಕಾಗುತ್ತದೆ. ದೊಡ್ಡ ಸೆನ್ಸರ್‌ನ ಲಾಭ ಬಹುಪಾಲು ಅಲ್ಲೇ ಕರಗುತ್ತದೆ. ಅದು ನಿಜಕ್ಕೂ ದಕ್ಕುವುದು ಎರಡು ಕಡೆ. ಒಂದು, ಕಡಿಮೆ ಬೆಳಕಿನಲ್ಲಿ ಅಪರ್ಚರ್ ಪೂರ್ತಿ ತೆರೆದು ಕೆಲಸ ಮಾಡುವವರಿಗೆ. ಇನ್ನೊಂದು, ಟ್ರೈಪಾಡ್ ಮೇಲೆ ಐಎಸ್‌ಒ 100 ಇಟ್ಟು ಶಟರ್ ಅನ್ನು ಬೇಕಾದಷ್ಟು ಹೊತ್ತು ತೆರೆದಿಡಬಲ್ಲ ನಿಸರ್ಗ ಛಾಯಾಗ್ರಾಹಕರಿಗೆ.

ಗೋಡೆಗೆ ಕ್ಯಾಮೆರಾ ನೇರ ಮಾಡುವುದು

ಫೋಕಲ್ ಲೆಂತ್‌ನ ಸುಮಾರು 50 ಪಟ್ಟು ದೂರದಲ್ಲಿ ಕ್ಯಾಮೆರಾ ನಿಲ್ಲಿಸಿ. 50 ಮಿ.ಮೀ. ಲೆನ್ಸ್‌ಗೆ 2.5 ಮೀಟರ್, 200 ಮಿ.ಮೀ.ಗೆ 10 ಮೀಟರ್ ಆಗುತ್ತದೆ. ತೀರಾ ಹತ್ತಿರ ಹೋದರೆ ಲೆನ್ಸ್‌ನ ಸಹಜ ಗುಣ ಕಾಣುವುದಿಲ್ಲ. ಅನೇಕ ಲೆನ್ಸ್‌ಗಳು ಕನಿಷ್ಠ ದೂರದಲ್ಲಿ ಸೊರಗುತ್ತವೆ. ಚೌಕಟ್ಟಿನ ನಡುವೆ ಮತ್ತು ನಾಲ್ಕೂ ಮೂಲೆಗಳಲ್ಲಿ ದಿನಪತ್ರಿಕೆಯ ಸಣ್ಣ ಜಾಹೀರಾತಿನ ತುಂಡುಗಳನ್ನು ಸುಕ್ಕಿಲ್ಲದಂತೆ ಅಂಟಿಸಿ.

ಇನ್ನು ಕನ್ನಡಿ. ಚೌಕಟ್ಟಿನ ನಟ್ಟನಡುವೆ ಬರುವಂತೆ ಅದನ್ನು ಗೋಡೆಗೆ ಒತ್ತಿ ಹಿಡಿಯಲು ಒಬ್ಬರಿಗೆ ಹೇಳಿ, ಇಲ್ಲವೇ ಅಂಟುಪಟ್ಟಿಯಿಂದ ಕೂರಿಸಿ. ಲೈವ್ ವ್ಯೂನಲ್ಲಿ (ಹಿಂಬದಿಯ ಪರದೆಯ ನೇರ ನೋಟ) ಗ್ರಿಡ್ ಗೆರೆ ಹಾಕಿಕೊಂಡು ಕನ್ನಡಿಯೊಳಗಿನ ಪ್ರತಿಬಿಂಬಕ್ಕೆ ಫೋಕಸ್ ಮಾಡಿ. ಲೆನ್ಸ್‌ನ ಕಪ್ಪು ವೃತ್ತ ಚೌಕಟ್ಟಿನ ನಡುಬಿಂದುವಿಗೆ ಬರುವವರೆಗೂ ಟ್ರೈಪಾಡ್ ಸರಿಸುತ್ತ, ಕ್ಯಾಮೆರಾ ಕೂರುವ ಅದರ ತಲೆಯನ್ನು ಓರೆ ಮಾಡುತ್ತ ಹೋಗಿ. ಲೆನ್ಸ್ ತನ್ನನ್ನೇ ನಡುವೆ ನೋಡಿಕೊಂಡಿತೆಂದರೆ ಸೆನ್ಸರ್ ಗೋಡೆಗೆ ಸಮಾನಾಂತರವಾಯಿತು. ಟ್ರೈಪಾಡ್ ಕಾಲುಗಳಿರುವ ಜಾಗವನ್ನು ನೆಲದ ಮೇಲೆ ಗುರುತು ಮಾಡಿ, ಕನ್ನಡಿ ತೆಗೆದುಬಿಡಿ.

ಇಷ್ಟೆಲ್ಲ ಏಕೆ ಎಂದರೆ, 2.5 ಮೀಟರ್ ದೂರದಿಂದ ಫುಲ್‌ಫ್ರೇಮ್ ಮೇಲಿನ 50 ಮಿ.ಮೀ. ಲೆನ್ಸ್ ಸುಮಾರು 1.75 ಮೀಟರ್ ಅಗಲದ ಗೋಡೆ ನೋಡುತ್ತದೆ. ಬರೀ 2 ಡಿಗ್ರಿ ಓರೆಯಾದರೂ ಒಂದು ಅಂಚು 3 ಸೆಂ.ಮೀ. ಮುಂದೆ, ಇನ್ನೊಂದು 3 ಸೆಂ.ಮೀ. ಹಿಂದೆ ಹೋಗುತ್ತದೆ. ಎಫ್/1.8ರಲ್ಲಿ ಪಿಕ್ಸೆಲ್ ಮಟ್ಟದ ಶಾರ್ಪ್‌ನೆಸ್ ಉಳಿಯುವ ಆಳವೂ ಕೆಲವೇ ಸೆಂಟಿಮೀಟರ್. ಮೂಲೆ ಮಸುಕಾದರೆ ಲೆನ್ಸ್‌ಗೆ ಬೈಯುತ್ತೇವೆ, ತಪ್ಪು ಟ್ರೈಪಾಡ್‌ನದಾಗಿರುತ್ತದೆ.

ಚಿತ್ರ ತೆಗೆಯುವ ಕ್ರಮ

ಕ್ಯಾಮೆರಾದ ಮೂಲ ಐಎಸ್‌ಒ ಇಡಿ. ಅದು ಸಾಮಾನ್ಯವಾಗಿ 100 ಅಥವಾ 200. ರಾ ಫೈಲ್‌ನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ. ಟ್ರೈಪಾಡ್ ಮೇಲೆ ಸ್ಟೆಬಿಲೈಸರ್ (ಕೈನಡುಕ ತಡೆಯುವ ವ್ಯವಸ್ಥೆ) ಆಫ್ ಮಾಡಿ, ಸೆಲ್ಫ್ ಟೈಮರ್ ಬಳಸಿ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಆದರೆ ಲೈವ್ ವ್ಯೂ ಅಥವಾ ಮಿರರ್ ಲಾಕ್ (ಕನ್ನಡಿಯನ್ನು ಮೊದಲೇ ಎತ್ತಿ ನಿಲ್ಲಿಸುವುದು) ಹಾಕಿ, ಕನ್ನಡಿಯಿಲ್ಲದ ಮಿರರ್‌ಲೆಸ್‌ನಲ್ಲಿ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ (ಶಟರ್‌ನ ಅಲುಗಾಟ ತಪ್ಪಿಸುವ ಸೆಟ್ಟಿಂಗ್) ಆರಿಸಿಕೊಳ್ಳಿ. ಎಲ್‌ಇಡಿ ದೀಪದಡಿ ಬೇಡ: ದೀಪದ ಮಿಣುಕಿನಿಂದ ಒಂದೇ ಸೆಟ್ಟಿಂಗ್‌ನ ಎರಡು ಚಿತ್ರಗಳ ಬೆಳಕೂ ಬೇರೆಯಾಗಬಹುದು. ನೆರಳಿನ ಹಗಲುಬೆಳಕು ಸಾಕು.

ಫೋಕಸ್ ಕೈಯಿಂದಲೇ ಆಗಲಿ. ಲೈವ್ ವ್ಯೂ ಚಿತ್ರವನ್ನು ಗರಿಷ್ಠ ಹಿಗ್ಗಿಸಿ ನಡುವಿನ ಅಕ್ಷರಗಳಿಗೆ ಫೋಕಸ್ ಮಾಡಿ. ಒಂದೇ ಸಲಕ್ಕೆ ನಂಬಬೇಡಿ; ರಿಂಗ್ ಪೂರ್ತಿ ತಿರುಗಿಸಿ ಮತ್ತೆ ಫೋಕಸ್ ಮಾಡುತ್ತ ಮೂರು ಚಿತ್ರ ತೆಗೆದು ಅತ್ಯುತ್ತಮವಾದದ್ದನ್ನು ಇಟ್ಟುಕೊಳ್ಳಿ. ಅಪರ್ಚರ್ ಪೂರ್ತಿ ತೆರೆದಲ್ಲಿಂದ ಎಫ್/16ರ ತನಕ ಒಂದೊಂದು ಸ್ಟಾಪ್ (ಬೆಳಕು ಅರ್ಧವಾಗುವ ಹೆಜ್ಜೆ) ಇಳಿಸುತ್ತ ಬನ್ನಿ. ಕೆಲವು ಲೆನ್ಸ್‌ಗಳಲ್ಲಿ ಅಪರ್ಚರ್ ಕಿರಿದಾದಂತೆ ಫೋಕಸ್ ಜಾಗ ಬಿಟ್ಟು ಸರಿಯುತ್ತದೆ, ಹಾಗಾಗಿ ಪ್ರತಿ ಸ್ಟಾಪ್‌ಗೂ ಹೊಸದಾಗಿ ಫೋಕಸ್ ಮಾಡಿ. ಬಳಿಕ ಒಂದು ಮೂಲೆಗೆ ಫೋಕಸ್ ಮಾಡಿ ಅದೇ ಸರಣಿ ಇನ್ನೊಮ್ಮೆ ತೆಗೆಯಿರಿ. ಈಗ ಆ ಮೂಲೆ ಶಾರ್ಪ್ ಆಗಿ ನಡುಭಾಗ ಮಸುಕಾದರೆ ಲೆನ್ಸ್ ದುರ್ಬಲವಲ್ಲ. ಅದರ ಫೋಕಸ್ ತಲ ಬಾಗಿದೆ ಎಂದರ್ಥ. ಚಪ್ಪಟೆ ವಸ್ತುಗಳನ್ನು ತೆಗೆಯದ ಅನೇಕರಿಗೆ ಅದು ಅಷ್ಟಾಗಿ ತೊಂದರೆ ಕೊಡದು.

ಚಿತ್ರಗಳನ್ನು ತೆರೆದು ನೋಡಿದಾಗ ಎಫ್/8ರಲ್ಲಿ ಬಹುತೇಕ ಎಲ್ಲ ಲೆನ್ಸ್‌ಗಳೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇರುವುದು ಮೊದಲ ಎರಡು ಸ್ಟಾಪ್‌ಗಳಲ್ಲಿ, ಅದರಲ್ಲೂ ಮೂಲೆಗಳಲ್ಲಿ. ನೀವು ಯಾವಾಗಲೂ ಎಫ್/8ರಲ್ಲೇ ತೆಗೆಯುವವರಾದರೆ ಎಫ್/1.4 ಲೆನ್ಸ್‌ನ ಭಾರ ಹೊರುವುದು ವ್ಯರ್ಥ. ಎಫ್/11 ದಾಟಿದ ಮೇಲೆ ಡಿಫ್ರಾಕ್ಷನ್ (ಕಿರಿದಾದ ಕಿಂಡಿ ದಾಟುವಾಗ ಬೆಳಕು ಹರಡುವುದು) ಎಲ್ಲವನ್ನೂ ಮಂಕು ಮಾಡುತ್ತದೆ. ಎಫ್/11ರಲ್ಲಿ ಬೆಳಕಿನ ಒಂದು ಬಿಂದು ಸೆನ್ಸರ್ ಮೇಲೆ ಸುಮಾರು 15 ಮೈಕ್ರಾನ್ ವ್ಯಾಸದ ಚುಕ್ಕೆಯಾಗಿ ಹರಡುತ್ತದೆ, 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರ್‌ನ ಒಂದು ಪಿಕ್ಸೆಲ್ ಮಾತ್ರ 4 ಮೈಕ್ರಾನ್‌ಗಿಂತ ತುಸು ಚಿಕ್ಕದು. ಇದು ಭೌತಶಾಸ್ತ್ರದ ಮಿತಿ. ಯಾವ ಲೆನ್ಸ್ ಕೊಂಡರೂ ತಪ್ಪಿಸಲಾಗದು.

ಸಂಸ್ಕರಣೆಯಲ್ಲೊಂದು ಎಚ್ಚರಿಕೆ. ಮಿರರ್‌ಲೆಸ್ ಲೆನ್ಸ್‌ಗಳ ಅನೇಕ ಊನಗಳನ್ನು ಸಾಫ್ಟ್‌ವೇರ್ ಸದ್ದಿಲ್ಲದೆ ತಿದ್ದಿಬಿಡುತ್ತದೆ. ಸೊಟ್ಟಗಾದ ಗೆರೆಯನ್ನು ನೆಟ್ಟಗೆ ಮಾಡಲು ಮೂಲೆಗಳನ್ನು ಎಳೆಯುತ್ತದೆ, ಎಳೆದಾಗ ಅಲ್ಲಿನ ವಿವರ ತೆಳುವಾಗುತ್ತದೆ. ಡಾರ್ಕ್‌ಟೇಬಲ್ ಅಥವಾ ರಾ-ಥೆರಪಿಯಂಥ ರಾ ಸಂಸ್ಕರಣೆಯ ಸಾಫ್ಟ್‌ವೇರ್‌ನಲ್ಲಿ ಈ ತಿದ್ದುಪಡಿ ಆರಿಸಿ ಒಮ್ಮೆ, ಹಾಕಿ ಒಮ್ಮೆ ನೋಡಿ. ಅಂತಿಮ ತೀರ್ಮಾನ ಮಾತ್ರ ತಿದ್ದಿದ ಚಿತ್ರದ ಮೇಲೇ ಇರಲಿ, ಏಕೆಂದರೆ ನಾವು ಬಳಸುವುದು ಅದನ್ನೇ.

ವಾಲಿದ ಗಾಜು

ಅತಿ ಮುಖ್ಯವಾದರೂ ಹೆಚ್ಚಿನವರು ಮಾಡದ ಪರೀಕ್ಷೆ ಇದು. ಒಳಗಿನ ಒಂದು ಗಾಜು ತುಸು ವಾಲಿದರೆ ಅಥವಾ ನಡುವಿನಿಂದ ಸರಿದರೆ ಒಂದು ಬದಿ ಮಾತ್ರ ಮಸುಕಾಗುತ್ತದೆ. ಇದಕ್ಕೆ ಡಿಸೆಂಟರಿಂಗ್ ಎನ್ನುತ್ತಾರೆ. ಹೊಸ ಲೆನ್ಸ್‌ನಲ್ಲೂ ಇರಬಹುದು, ಬಿದ್ದು ಎದ್ದ ಲೆನ್ಸ್‌ನಲ್ಲಂತೂ ಸಾಮಾನ್ಯ.

ಬಹುದೂರದ ಟವರ್ ಅಥವಾ ಕಟ್ಟಡವೊಂದನ್ನು ಆರಿಸಿಕೊಳ್ಳಿ. ಅಪರ್ಚರ್ ಪೂರ್ತಿ ತೆರೆದು, ಅದನ್ನು ನಡುವೆ ಇಟ್ಟು ಫೋಕಸ್ ಮಾಡಿ, ಆಮೇಲೆ ಫೋಕಸ್ ಮುಟ್ಟಲೇಬೇಡಿ. ಅದೇ ಟವರ್ ಒಂದೊಂದು ಮೂಲೆಗೂ ಬರುವಂತೆ ಕ್ಯಾಮೆರಾ ತಿರುಗಿಸಿ ನಾಲ್ಕು ಚಿತ್ರ ತೆಗೆಯಿರಿ. ವಿಷಯ ಅಷ್ಟು ದೂರದಲ್ಲಿರುವುದರಿಂದ ಗೋಡೆಯ ಓರೆಯ ತಂಟೆ ಇಲ್ಲಿಲ್ಲ. ನಾಲ್ಕೂ ಮೂಲೆ ಒಂದೇ ಸಮ ಮಸುಕಾದರೆ ಅದು ವಿನ್ಯಾಸದ ಗುಣ. ಮೂರು ಚೆನ್ನಾಗಿದ್ದು ಒಂದು ಹರಿದುಹೋದಂತೆ ಕಂಡರೆ ಅದು ನಿಮ್ಮ ಕೈಲಿರುವ ಪ್ರತಿಯ ದೋಷ; ವಾಪಸು ಕೊಡುವ ಅವಧಿಯೊಳಗೇ ಬದಲಿಸಿಕೊಳ್ಳಿ. ಜೂಮ್ ಆದರೆ ಎರಡೂ ತುದಿಗಳಲ್ಲಿ ಪರೀಕ್ಷಿಸಿ. ಒಂದು ತುದಿಯಲ್ಲಿ ಸರಿಯಿದ್ದು ಇನ್ನೊಂದರಲ್ಲಿ ವಾಲುವುದು ಅಪರೂಪವಲ್ಲ.

ಗೋಡೆ ತೋರಿಸದ ಬೇರೆ ಗುಣಗಳೂ ಇವೆ. ಕತ್ತಲಲ್ಲಿ ದೂರದ ದೀಪಗಳನ್ನು ಫೋಕಸ್ ತಪ್ಪಿಸಿ ತೆಗೆದರೆ ಹಿನ್ನೆಲೆಯ ಮಸುಕಿನ ಸ್ವಭಾವ ಕಾಣುತ್ತದೆ. ಆಸ್ಫೆರಿಕಲ್ (ಗೋಳಾಕಾರವಲ್ಲದ) ಗಾಜಿನ ಲೆನ್ಸ್‌ನಲ್ಲಿ ಒಮ್ಮೊಮ್ಮೆ ಉಂಗುರದೊಳಗೆ ಉಂಗುರ ಮೂಡುತ್ತದೆ. ಪುಸ್ತಕದ ಪುಟವನ್ನು ಓರೆಯಾಗಿ, ಅಪರ್ಚರ್ ತೆರೆದು ತೆಗೆಯಿರಿ: ಫೋಕಸ್‌ನ ಮುಂದಿನ ಅಕ್ಷರಗಳಿಗೆ ನೇರಳೆ, ಹಿಂದಿನವಕ್ಕೆ ಹಸಿರು ಅಂಚು ಬಂದರೆ ಆಭರಣದಂಥ ಹೊಳೆಯುವ ವಸ್ತು ತೆಗೆಯುವವರಿಗೆ ಅದು ಕಾಟ ಕೊಡುತ್ತದೆ.

ಬಾಡಿಗಳನ್ನು ಹೋಲಿಸುವಾಗ

ಎರಡು ಬಾಡಿಗಳ ಚಿತ್ರಗಳನ್ನು ನೂರು ಪ್ರತಿಶತಕ್ಕೆ ಹಿಗ್ಗಿಸಿ ಪಕ್ಕದಲ್ಲಿಡುವುದು ದೊಡ್ಡ ತಪ್ಪು. 24 ಮೆಗಾಪಿಕ್ಸೆಲ್ ಎಂದರೆ 6000×4000. 45 ಮೆಗಾಪಿಕ್ಸೆಲ್‌ನ ನಿಕಾನ್ ಬಾಡಿಗಳಲ್ಲಿ 8256×5504. ನೂರು ಪ್ರತಿಶತದಲ್ಲಿ ಎರಡನೆಯದನ್ನು ಹೆಚ್ಚು ಹಿಗ್ಗಿಸಿ ನೋಡಿದಂತಾಗಿ ಅದರಲ್ಲೇ ನಾಯ್ಸ್ ಜಾಸ್ತಿ ಎನಿಸುತ್ತದೆ. ಎರಡನ್ನೂ ಒಂದೇ ಅಳತೆಗೆ ತಂದು ನೋಡಿದರೆ ವ್ಯತ್ಯಾಸ ಬಹಳ ಸಲ ಮಾಯವಾಗುತ್ತದೆ. ಮೆಗಾಪಿಕ್ಸೆಲ್ ಹೆಚ್ಚುಕಡಿಮೆ ದುಪ್ಪಟ್ಟಾದರೂ ಅಗಲದ ಲೆಕ್ಕದಲ್ಲಿ ಸಿಗುವ ಹೆಚ್ಚಳ ಸುಮಾರು 38 ಪ್ರತಿಶತ. ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ ಮೊದಲನೆಯದು 20 ಇಂಚು ಅಗಲ, ಎರಡನೆಯದು 27 ಇಂಚು ದಾಟುತ್ತದೆ. ಅಷ್ಟು ದೊಡ್ಡದಾಗಿ ಮುದ್ರಿಸದವರಿಗೆ, ಹಕ್ಕಿಯ ಚಿತ್ರವನ್ನು ಬಹಳ ಕತ್ತರಿಸದವರಿಗೆ 24 ಧಾರಾಳ ಸಾಕು.

ನಾಯ್ಸ್ ನೋಡುವಾಗ ಐಎಸ್‌ಒ ಅಂಕಿಯನ್ನು ಮಾತ್ರ ಸಮ ಮಾಡಿದರೆ ಸಾಲದು. ಒಂದೇ ಬೆಳಕು, ಒಂದೇ ಶಟರ್, ಒಂದೇ ಅಪರ್ಚರ್ ಇಟ್ಟು ತೆಗೆದು, ರಾ ಫೈಲ್‌ನಲ್ಲಿ ಹೊಳಪು ಸಮ ಮಾಡಿ, ನಾಯ್ಸ್ ರಿಡಕ್ಷನ್ ಪೂರ್ತಿ ಆಫ್ ಮಾಡಿ ನೋಡಬೇಕು. ಜೆಪೆಗ್‌ನಲ್ಲಿ ಕಾಣುವುದು ಕ್ಯಾಮೆರಾದ ಒಳಗಿನ ಸಂಸ್ಕರಣೆಯ ರುಚಿ.

ಆಟೊಫೋಕಸ್ ಪರೀಕ್ಷೆಗೆ ಪ್ರತಿ ಸಲ ಫೋಕಸ್ ಅನ್ನು ತುದಿಗೆ ತಳ್ಳಿ ಹತ್ತು ಚಿತ್ರ ತೆಗೆದು, ಎಷ್ಟು ಶಾರ್ಪ್ ಬಂದವು ಎಣಿಸಿ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆಯೇ ಇರುವುದರಿಂದ ಸದಾ ಒಂದೇ ಕಡೆಗೆ ತಪ್ಪುವುದುಂಟು. ಎಎಫ್ ಫೈನ್ ಟ್ಯೂನ್ (ಆಟೊಫೋಕಸ್ ತಿದ್ದುವ ಸೆಟ್ಟಿಂಗ್) ಇದ್ದರೆ ತಿದ್ದಬಹುದು. ಒಮ್ಮೆ ಮುಂದೆ, ಒಮ್ಮೆ ಹಿಂದೆ ಬಿದ್ದರೆ ಯಾವ ಟ್ಯೂನ್‌ಗೂ ಅದು ಬಗ್ಗದು. ಸ್ಟೆಬಿಲೈಸರ್‌ಗೂ ಎಣಿಕೆಯೇ ಸರಿ: ಕೈಯಲ್ಲಿ ಹಿಡಿದು 1/60, 1/15, 1/4 ಸೆಕೆಂಡ್‌ಗಳಲ್ಲಿ ಹತ್ತತ್ತು ಚಿತ್ರ. ತಯಾರಕರು ಹೇಳುವ ಸ್ಟಾಪ್‌ಗಳ ಲೆಕ್ಕ ಯಂತ್ರದ ಮೇಲೆ ಅಳೆದದ್ದು, ನಿಮ್ಮ ಕೈಯ ನಡುಕವೇ ಬೇರೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸುವವರು ಬಾಗಿಲ ಚೌಕಟ್ಟಿನ ಮುಂದೆ ಕ್ಯಾಮೆರಾವನ್ನು ವೇಗವಾಗಿ ಹೊರಳಿಸುತ್ತ ಚಿತ್ರ ತೆಗೆಯಲಿ. ನೇರ ಕಂಬ ಎಷ್ಟು ವಾಲಿತೋ ಅಷ್ಟು ನಿಧಾನವಾಗಿ ಸೆನ್ಸರ್ ಓದುತ್ತಿದೆ.

ಕೊನೆಗೆ ಮೌಂಟ್, ಅಂದರೆ ಲೆನ್ಸ್ ಬಾಡಿಗೆ ಸೇರುವ ಬಳೆ. ಲೆನ್ಸ್ ಕೂರುವ ಜಾಗದಿಂದ ಸೆನ್ಸರ್‌ವರೆಗಿನ ದೂರ ಕ್ಯಾನನ್ ಇಎಫ್‌ನಲ್ಲಿ 44 ಮಿ.ಮೀ., ನಿಕಾನ್ ಎಫ್‌ನಲ್ಲಿ 46.5, ಮಿರರ್‌ಲೆಸ್‌ಗಳಾದ ಕ್ಯಾನನ್ ಆರ್‌ಎಫ್‌ನಲ್ಲಿ 20, ಸೋನಿ ಇನಲ್ಲಿ 18, ನಿಕಾನ್ ಝಡ್‌ನಲ್ಲಿ 16. ಉಳಿದ ಅಂತರದಲ್ಲಿ ಅಡಾಪ್ಟರ್ ಕೂರುವುದರಿಂದ ಡಿಎಸ್‌ಎಲ್‌ಆರ್ ಲೆನ್ಸ್ ಮಿರರ್‌ಲೆಸ್‌ಗೆ ಹೊಂದುತ್ತದೆ, ತಿರುವುಮುರುವಾಗಿ ಆಗದು. ಅಡಾಪ್ಟರ್ ಹಾಕಿ ಪರೀಕ್ಷಿಸಿದ ಲೆನ್ಸ್‌ನ ಒಂದು ಬದಿ ಮಸುಕಾಗಿ ಬಂದರೆ ಅಡಾಪ್ಟರ್‌ನ ಎರಡು ಮುಖಗಳೇ ಸಮಾನಾಂತರ ಇಲ್ಲದಿರಬಹುದು. ಲೆನ್ಸ್ ವಾಪಸು ಮಾಡುವ ಮೊದಲು ಅದನ್ನು ಅದರದೇ ಮೌಂಟ್‌ನ ಬಾಡಿಗೆ ಹಾಕಿ ಟವರ್ ಪರೀಕ್ಷೆ ಇನ್ನೊಮ್ಮೆ ಮಾಡಿ.